ಕುಡಿಸಿದ ಓಆರ್‌ಎಸ್ ಎಲ್ಲಾ ವಾಂತಿಯಾಗುತ್ತಿದೆ, ಇನ್ನು ಹೇಗೆ ಕುಡಿಸುವುದು?

ಪುಟ್ಟಿಯಮ್ಮ

ನಮಸ್ಕಾರ. ಮಗಳಿಗೆ ಒಂದು ವರ್ಷ ಎರಡು ತಿಂಗಳು. ಕಳೆದ ತಿಂಗಳು ತೂಗಿದಾಗ 9 ಕಿಲೋ ಇದ್ದಳು. ನಿನ್ನೆ ರಾತ್ರಿಯಿಂದ ವಾಂತಿ, ಬೆಳಿಗ್ಗೆಯಿಂದ ನೀರಿನಂತೆ ಭೇದಿ. ಮೈ ಸ್ವಲ್ಪ ಬಿಸಿ ಇದೆ. ಬೆಳಿಗ್ಗೆಯೇ ಡಾಕ್ಟರಿಗೆ ತೋರಿಸಿದೆವು. ವೈರಸ್ಸಿನಿಂದ ಬಂದದ್ದು, ಸದ್ಯಕ್ಕೆ ಮೈಯಲ್ಲಿ ನೀರು ಅಷ್ಟೇನೂ ಕಡಿಮೆಯಾಗಿಲ್ಲ, ಓಆರ್‌ಎಸ್ ಕುಡಿಸುತ್ತಾ ಇರಿ ಎಂದರು. ಜಿಂಕ್ ಬರೆದುಕೊಟ್ಟರು. ಆ್ಯಂಟಿಬಯಾಟಿಕ್ ಬೇಡ ಎಂದರು.

ಈಗ ತೊಂದರೆ ಏನೆಂದರೆ, ಬಾಯಾರಿ ಲೋಟ ಕಿತ್ತುಕೊಂಡು ಗಟಗಟ ಕುಡಿಯುತ್ತಾಳೆ. ಅರ್ಧ ಲೋಟ ಒಳಗೆ ಹೋಗಿರುತ್ತದೆ, ಐದು ನಿಮಿಷಕ್ಕೆ ಅಷ್ಟೂ ಹೊರಗೆ. ಭೇದಿಯೂ ನಿಂತಿಲ್ಲ. ಹಾಗಾದರೆ ಈ ಓಆರ್‌ಎಸ್‌ನಿಂದ ಏನು ಪ್ರಯೋಜನ?

ಮನೆಯಲ್ಲಿ ಎರಡು ಪಕ್ಷ. ಹೊಟ್ಟೆಗೆ ಒಂದು ದಿನ ಬಿಡುವು ಕೊಡು, ಏನೂ ಹಾಕಬೇಡ ಎನ್ನುತ್ತಾರೆ ಅತ್ತೆ. ಸುಮ್ನೆ ಹೋಗಿ ಡ್ರಿಪ್ ಹಾಕಿಸಿಕೊಂಡು ಬರೋಣ ಎನ್ನುತ್ತಾರೆ ಮನೆಯವರು. ಮಗಳು ಎದೆಹಾಲು ಇನ್ನೂ ಬಿಟ್ಟಿಲ್ಲ, ಅದನ್ನು ನಿಲ್ಲಿಸಬೇಕಾ? ಇನ್ನೊಂದು, ಡಯಾಪರ್ ಯಾವಾಗಲೂ ಒದ್ದೆ. ಉಚ್ಚೆ ಹೊಯ್ದಳೋ ಇಲ್ಲವೋ ಗೊತ್ತಾಗುತ್ತಿಲ್ಲ.

ಇಬ್ಬರ ಅಪ್ಪ

ನಮ್ಮ ದೊಡ್ಡವನೂ ಓಆರ್‌ಎಸ್ ಬಾಯಿಗೆ ಮುಟ್ಟಿಸುತ್ತಿರಲಿಲ್ಲ. ಬಾಟಲಿ ಜ್ಯೂಸ್ ಕೊಟ್ಟೆವು, ಖುಷಿಯಾಗಿ ಕುಡಿದ. ಹೇಗೋ ಒಂದಿಷ್ಟು ಒಳಗೆ ಹೋದರೆ ಸಾಕು ಅಲ್ವಾ? ದೊಡ್ಡವರು ಭೇದಿ ನಿಲ್ಲಿಸಲು ತೆಗೆದುಕೊಳ್ಳುವ ಮಾತ್ರೆ ಇದೆಯಲ್ಲ, ಅದರ ಕಾಲು ಭಾಗ ಕೊಡಬಹುದೇನೋ, ಕೇಳಿ ನೋಡಿ.

ರಾತ್ರಿಪಾಳಿ

ಇಬ್ಬರ ಅಪ್ಪ, ಆ ಮಾತ್ರೆ ಬೇಡವೇ ಬೇಡ. ಕಾಲು ಭಾಗವೂ ಬೇಡ. ಅದು ಕರುಳಿನ ಓಡಾಟವನ್ನು ನಿಧಾನ ಮಾಡುತ್ತದೆ, ಅಷ್ಟೇ. ಪುಟ್ಟ ಮಕ್ಕಳಲ್ಲಿ ಕರುಳು ಪೂರ್ತಿ ಸುಮ್ಮನಾಗಿ ಹೊಟ್ಟೆ ಉಬ್ಬಿಬಿಡಬಹುದು. ಮಗು ಮಂಪರಿಗೂ ಹೋಗಬಹುದು. ಜ್ಯೂಸಿನ ವಿಷಯಕ್ಕೆ ಆಮೇಲೆ ಬರುತ್ತೇನೆ.

ಪುಟ್ಟಿಯಮ್ಮ, ನಾನು ಮಕ್ಕಳ ವಾರ್ಡಿನಲ್ಲಿ ನರ್ಸ್. ಮೊದಲು ಮಗುವನ್ನು ನೋಡಿ, ಆಮೇಲೆ ಮುಂದೆ ಓದಿ. ಕರೆದರೂ ಕಣ್ಣು ಬಿಡದಷ್ಟು ಮಂಪರಿನಲ್ಲಿದ್ದಾಳಾ? ಎತ್ತಿಕೊಂಡರೆ ಕೈಕಾಲು ಜೋತು ಬೀಳುತ್ತವಾ? ಚಮಚ ಬಾಯಿಗಿಟ್ಟರೂ ನುಂಗಲಾರದಷ್ಟು ಸುಸ್ತಾ? ವಾಂತಿ ಹಸಿರು ಬಣ್ಣಕ್ಕೆ ತಿರುಗಿದೆಯಾ? ಭೇದಿಯಲ್ಲಿ ರಕ್ತ ಇದೆಯಾ? ಹೊಟ್ಟೆ ಉಬ್ಬಿ ಗಟ್ಟಿಯಾಗಿದೆಯಾ? ಇದರಲ್ಲಿ ಒಂದಕ್ಕೆ ಹೌದು ಎಂದರೂ ಈ ಚರ್ಚೆ ಮುಚ್ಚಿ, ಈಗಲೇ ಆಸ್ಪತ್ರೆಗೆ ಹೊರಡಿ.

ಎಲ್ಲಕ್ಕೂ ಇಲ್ಲ ಎಂದಾದರೆ ಕೂತು ಮಾತಾಡೋಣ. ಲೋಟ ಕಿತ್ತುಕೊಂಡು ಕುಡಿಯುತ್ತಾಳೆ ಎಂದಿರಲ್ಲ, ನನ್ನ ಕಣ್ಣು ನಿಂತದ್ದು ಅಲ್ಲಿ. ಅದು ಒಳ್ಳೆ ಹಸಿವಿನ ಲಕ್ಷಣ ಅಲ್ಲ. ಮೈಯಲ್ಲಿ ನೀರು ಕಡಿಮೆಯಾಗುತ್ತಿರುವ ಮಗು ಹಾಗೆ ಕುಡಿಯುತ್ತದೆ. ಬೆಳಿಗ್ಗೆ ಡಾಕ್ಟರು ನೋಡಿದಾಗ ಇಲ್ಲದ್ದು ಈಗ ಶುರುವಾಗಿರಬಹುದು. ಅದರ ಜೊತೆಗೆ ಇನ್ನು ಮೂರು ನೋಡಬೇಕು. ಕಣ್ಣು ಗುಳಿ ಬಿದ್ದಿದೆಯಾ. ಎತ್ತಿಕೊಂಡರೂ ಸಮಾಧಾನವಾಗದಷ್ಟು ಕಿರಿಕಿರಿ ಇದೆಯಾ. ಚರ್ಮ ಚಿವುಟಿದರೆ ಮಡಿಕೆ ನಿಲ್ಲುತ್ತದೆಯಾ. ಗುಳಿ ಬಿದ್ದಿದೆಯೋ ಇಲ್ಲವೋ ನಮಗಿಂತ ನಿಮಗೆ ಚೆನ್ನಾಗಿ ಗೊತ್ತಾಗುತ್ತದೆ. ನಾವು ಆ ಮುಖವನ್ನು ಮೊದಲ ಸಲ ನೋಡುವವರು, ನೀವು ದಿನಾ ನೋಡುವವರು. ಅದಕ್ಕೇ ವಾರ್ಡಿನಲ್ಲಿ ನಾನು ಯಾವಾಗಲೂ ತಾಯಿಯನ್ನೇ ಕೇಳುವುದು.

ಚಿವುಟುವುದು ಹೀಗೆ. ಹೊಕ್ಕುಳಿಗೂ ಹೊಟ್ಟೆಯ ಪಕ್ಕಕ್ಕೂ ನಡುವಿನ ಜಾಗದಲ್ಲಿ, ಹೆಬ್ಬೆರಳು ಮತ್ತು ತೋರುಬೆರಳಿನಿಂದ ಚರ್ಮವನ್ನು ಮೇಲಿಂದ ಕೆಳಕ್ಕೆ ಮಡಿಕೆ ಬರುವ ಹಾಗೆ ಹಿಡಿದು, ಒಂದು ಸೆಕೆಂಡ್ ಎತ್ತಿ ಬಿಡಿ. ಉಗುರು ತಾಗಬಾರದು. ಬಿಟ್ಟ ಕೂಡಲೇ ಸಮವಾದರೆ ಸರಿ. ಮಡಿಕೆ ಕ್ಷಣಹೊತ್ತು ಕಂಡು ಹೋದರೆ ನೀರು ಕಡಿಮೆಯಾಗಿದೆ. ಎರಡು ಸೆಕೆಂಡ್ ನಿಂತರೆ ತಡ ಮಾಡುವ ಹಾಗಿಲ್ಲ. ಗುಂಡುಗುಂಡಗಿರುವ ಮಗುವಿನಲ್ಲೂ ತೀರಾ ಸೊರಗಿದ ಮಗುವಿನಲ್ಲೂ ಈ ಪರೀಕ್ಷೆ ಮೋಸ ಮಾಡುತ್ತದೆ. ಇದೊಂದನ್ನೇ ನಂಬಬೇಡಿ.

ಆ ಬಾಯಾರಿಕೆಗೆ ಈ ಮೂರರಲ್ಲಿ ಒಂದು ಸೇರಿದರೂ ಡಾಕ್ಟರಿಗೆ ಫೋನ್ ಮಾಡಿ, ಇವತ್ತೇ ಇನ್ನೊಮ್ಮೆ ತೋರಿಸಿ. ಹೋಗುವ ದಾರಿಯಲ್ಲೂ ಕುಡಿಸುವುದು ನಿಲ್ಲಬಾರದು.

ಈಗ ವಾಂತಿಗೆ ಬರೋಣ. ಲೋಟವನ್ನು ಅವಳ ಕಣ್ಣಿಗೆ ಕಾಣದ ಕಡೆ ಇಡಿ. ಕೆರಳಿದ ಹೊಟ್ಟೆಗೆ ಅರ್ಧ ಲೋಟ ಒಂದೇ ಸಲ ಬಿದ್ದರೆ ವಾಪಸ್ ಕಳಿಸುತ್ತದೆ. ವಾಂತಿಯಾದ ಮೇಲೆ 10 ನಿಮಿಷ ಏನೂ ಕೊಡಬೇಡಿ. ಆಮೇಲೆ ಒಂದು ಟೀ ಚಮಚ, ಅಂದರೆ 5 ಎಂಎಲ್. ಗಡಿಯಾರ ನೋಡಿಕೊಂಡು ಎರಡು ನಿಮಿಷಕ್ಕೆ ಇನ್ನೊಂದು. ಅಳುತ್ತಾಳೆ, ಚಮಚಕ್ಕೆ ಕೈ ಹಾಕುತ್ತಾಳೆ, ಇನ್ನೂ ಕೊಡು ಎಂದು ಹಟ ಮಾಡುತ್ತಾಳೆ. ನೀವು ಕರಗಬಾರದು. ಚಮಚ ತಳ್ಳಿದರೆ ಸೂಜಿ ಇಲ್ಲದ ಸಿರಿಂಜ್ ತೆಗೆದುಕೊಳ್ಳಿ. ಗಂಟಲಿಗೆ ನೇರ ಬಿಡಬೇಡಿ, ಕೆನ್ನೆಯ ಒಳಬದಿಗೆ ನಿಧಾನವಾಗಿ ಬಿಡಿ. ಮಲಗಿಸಿ ಬೇಡ, ತಲೆ ಎತ್ತರದಲ್ಲಿರಲಿ.

ಒಂದು ಚಮಚದಿಂದ ಏನಾಗುತ್ತದೆ ಅನಿಸುತ್ತದೆ. ಲೆಕ್ಕ ಹಾಕಿ. ಎರಡು ನಿಮಿಷಕ್ಕೆ 5 ಎಂಎಲ್ ಎಂದರೆ ಗಂಟೆಗೆ 150. ನಾಲ್ಕು ಗಂಟೆಗೆ 600. ಮಧ್ಯಮ ಮಟ್ಟದ ನೀರಿನ ಕೊರತೆಗೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಅಳತೆ ಕಿಲೋಗೆ 75 ಎಂಎಲ್, ನಾಲ್ಕು ಗಂಟೆಯಲ್ಲಿ. ನಿಮ್ಮ 9 ಕಿಲೋ ಮಗಳಿಗೆ 675. ಅಂದರೆ ಆ ಚಮಚವೇ ಹತ್ತಿರ ಹತ್ತಿರ ಪೂರ್ತಿ ಕೆಲಸ ಮುಗಿಸುತ್ತದೆ. ಅರ್ಧ ಗಂಟೆ ವಾಂತಿಯಿಲ್ಲದೆ ಕಳೆದರೆ ಎರಡು ನಿಮಿಷವನ್ನು ಒಂದಕ್ಕೆ ಇಳಿಸಿ. ಮತ್ತೆ ವಾಂತಿಯಾದರೆ ಮತ್ತೆ 10 ನಿಮಿಷ ಕಾದು, ಮೊದಲಿಗಿಂತ ನಿಧಾನವಾಗಿ ಶುರು ಮಾಡಿ.

ಇನ್ನೊಂದು ಮಾತು. ಕುಡಿದಷ್ಟೂ ಹೊರಗೆ ಬಂತು ಎಂದು ಪ್ರತಿ ತಾಯಿಯೂ ಹೇಳುತ್ತಾರೆ. ನಾನು ಅವರ ಎದುರಿಗೇ ಎರಡು ಚಮಚ ನೀರು ಟವೆಲ್ ಮೇಲೆ ಸುರಿದು ತೋರಿಸುತ್ತೇನೆ. ಅದು ಎಷ್ಟಗಲ ಹರಡುತ್ತದೆ ನೋಡಿದರೆ ಬಾಯಿ ಮುಚ್ಚಿಕೊಳ್ಳುತ್ತಾರೆ. ಬಟ್ಟೆಯ ಮೇಲೆ ವಾಂತಿ ಯಾವಾಗಲೂ ಜಾಸ್ತಿ ಕಾಣುತ್ತದೆ. ಸ್ವಲ್ಪ ಒಳಗೆ ಉಳಿದೇ ಇರುತ್ತದೆ.

ಭೇದಿ ನಿಂತಿಲ್ಲ, ಪ್ರಯೋಜನ ಏನು ಎಂದು ಕೇಳಿದಿರಿ. ಓಆರ್‌ಎಸ್ ಭೇದಿ ನಿಲ್ಲಿಸುವ ಔಷಧಿ ಅಲ್ಲವೇ ಅಲ್ಲ. ಇದೊಂದು ಮಾತನ್ನು ಯಾರೂ ಬಿಡಿಸಿ ಹೇಳುವುದಿಲ್ಲ. ಕೊಟ್ಟೆವು, ಭೇದಿ ನಿಲ್ಲಲಿಲ್ಲ, ಬಿಟ್ಟೆವು ಎನ್ನುತ್ತಾ ಬಾಡಿದ ಮಗುವನ್ನು ಎತ್ತಿಕೊಂಡು ಬರುವವರನ್ನು ಪಾಳಿಯಲ್ಲಿ ಮತ್ತೆ ಮತ್ತೆ ನೋಡುತ್ತೇನೆ. ವೈರಸ್ ತನ್ನ ಹೊತ್ತಿಗೆ ತಾನೇ ಹೋಗುತ್ತದೆ. ಅಲ್ಲಿಯವರೆಗೆ ಹೊರಗೆ ಹೋದದ್ದನ್ನು ತುಂಬುತ್ತಾ ಇರುವುದಷ್ಟೇ ನಮ್ಮ ಕೆಲಸ. ಹಾಗಾಗಿ ಭೇದಿ ಎಷ್ಟು ಸಲ ಆಯಿತು ಎಂದು ಎಣಿಸಿ ಕಂಗಾಲಾಗಬೇಡಿ. ನಾಲಗೆ ಒದ್ದೆ ಇದೆಯಾ, ಅತ್ತರೆ ಕಣ್ಣೀರು ಬರುತ್ತದೆಯಾ, ಉಚ್ಚೆ ಹೋಗುತ್ತಿದೆಯಾ, ಆಟಿಕೆ ಕಡೆ ನೋಡುತ್ತಾಳಾ, ಅದನ್ನು ನೋಡಿ.

ಬರೀ ನೀರೇಕೆ ಸಾಲದು, ಜ್ಯೂಸೇಕೆ ಬೇಡ? ಕರುಳಿನ ಗೋಡೆಯಲ್ಲಿ ಸೋಡಿಯಂ ಮತ್ತು ಗ್ಲೂಕೋಸ್ ಜೋಡಿಯಾಗಿ ಬಂದರೆ ಮಾತ್ರ ತೆರೆಯುವ ಬಾಗಿಲಿದೆ. ಸೋಂಕಿನಲ್ಲೂ ಅದು ಸಾಕಷ್ಟು ಕೆಲಸ ಮಾಡುತ್ತಿರುತ್ತದೆ. ಅವೆರಡು ಒಳಗೆ ಹೋದರೆ ಹಿಂದೆಯೇ ನೀರು ಹೋಗುತ್ತದೆ. ಓಆರ್‌ಎಸ್‌ನಲ್ಲಿ ಎರಡನ್ನೂ ಸಮಸಮ ಇಟ್ಟಿರುವುದು ಅದಕ್ಕೇ, ಲೀಟರಿಗೆ 75 ಮಿಲಿಮೋಲ್ ಸೋಡಿಯಂ, 75 ಮಿಲಿಮೋಲ್ ಗ್ಲೂಕೋಸ್. ಬಾಟಲಿ ಜ್ಯೂಸಿನಲ್ಲಿ, ಸೋಡಾ ಪಾನೀಯದಲ್ಲಿ ಸಕ್ಕರೆ ಸುರಿದಿರುತ್ತದೆ, ಸೋಡಿಯಂ ಹೆಸರಿಗಷ್ಟೇ. ಒಳಗೆ ಹೋಗದೆ ಉಳಿದ ಸಕ್ಕರೆ ಮೈಯ ನೀರನ್ನೇ ಕರುಳಿಗೆ ಎಳೆಯುತ್ತದೆ, ಭೇದಿ ಹೆಚ್ಚಾಗುತ್ತದೆ. ಬರೀ ನೀರು ತುಂಬಿದರೆ ರಕ್ತದಲ್ಲಿ ಸೋಡಿಯಂ ಕುಸಿಯುತ್ತದೆ, ಪುಟ್ಟ ಮಕ್ಕಳಿಗೆ ಅದರಿಂದ ಫಿಟ್ಸ್ ಬರಬಹುದು.

ಎದೆಹಾಲು ನಿಲ್ಲಿಸಲೇಬೇಡಿ. ಕೇಳಿದಾಗೆಲ್ಲ ಕೊಡಿ. ಗಟಗಟ ಕುಡಿದು ಕಕ್ಕಿದರೆ ಸ್ವಲ್ಪ ಹೊತ್ತು ಕುಡಿಸಿ ಬಿಡಿಸಿ, ಮತ್ತೆ ಕುಡಿಸಿ. ಹೊಟ್ಟೆಗೆ ಬಿಡುವು ಕೊಡುವುದು ಹಳೇ ಕಾಲದ ಮಾತು, ಅತ್ತೆಯವರ ತಪ್ಪಲ್ಲ. ಹಿಂದೆ ವೈದ್ಯರೇ ಹಾಗೆ ಹೇಳುತ್ತಿದ್ದರು. ಈಗ ನಾಲ್ಕು ಗಂಟೆ ನೀರು ತುಂಬಿಸಿದ ಮೇಲೆ ಮಾಮೂಲಿ ಊಟ ಶುರು ಮಾಡಿಸುತ್ತೇವೆ. ಉಪವಾಸ ಇಟ್ಟರೆ ಕರುಳಿನ ಗೋಡೆ ಸರಿಯಾಗುವುದು ಇನ್ನೂ ತಡ.

ನಿಮ್ಮ ಮನೆಯವರಿಗೆ ಈ ಕಥೆ ಹೇಳಿ. 1971ರ ಬಾಂಗ್ಲಾ ಯುದ್ಧದ ಹೊತ್ತಿನಲ್ಲಿ ಗಡಿಯ ಬನಗಾಂವ್‌ನಲ್ಲಿ ನಿರಾಶ್ರಿತರ ನಡುವೆ ಕಾಲರಾ ಎದ್ದಿತ್ತು. ಡ್ರಿಪ್ಪಿಗೆ ಹಾಕುವ ಸಲೈನ್ ಖಾಲಿಯಾಗುತ್ತಾ ಬಂತು. ಡಾ. ದಿಲೀಪ್ ಮಹಲನಾಬಿಸ್ ಉಪ್ಪು, ಗ್ಲೂಕೋಸ್, ಅಡುಗೆ ಸೋಡಾ ಕರಗಿಸಿದ ನೀರನ್ನು ಡ್ರಮ್‌ಗಳಲ್ಲಿ ತುಂಬಿಸಿಟ್ಟರು. ರೋಗಿಗಳ ಮನೆಯವರೇ ಲೋಟದಲ್ಲಿ ಹಿಡಿದು ಕುಡಿಸಿದರು. ಶೇ 30ರಷ್ಟಿದ್ದ ಸಾವು ಅವರ ಶಿಬಿರದಲ್ಲಿ ಶೇ 3.6ಕ್ಕೆ ಇಳಿಯಿತು. ಕಾಲರಾದಂಥ ಕಾಲರಾಕ್ಕೇ ಬಾಯಿಂದ ಕುಡಿಸಿದ್ದು ಸಾಕಾಯಿತು. ಡ್ರಿಪ್ ಬೇಕಾಗುವುದು ಮಗು ಕುಡಿಯಲಾರದಷ್ಟು ಬಾಡಿದಾಗ, ಚಮಚದಲ್ಲಿ ಕೊಟ್ಟರೂ ವಾಂತಿ ನಿಲ್ಲದಿದ್ದಾಗ. ಆಗ ಬೇಡ ಎನ್ನಬಾರದು, ಆಗ ಒಂದೊಂದು ನಿಮಿಷವೂ ಮುಖ್ಯ. ಉಳಿದ ಹೊತ್ತಿನಲ್ಲಿ ಬಾಡಿದ ಪುಟ್ಟ ಕೈಯಲ್ಲಿ ನರ ಹುಡುಕಿ ನಾಲ್ಕು ಕಡೆ ಚುಚ್ಚುವ ಕೆಲಸ ನನ್ನದು, ನನಗೇನೂ ಅದು ಇಷ್ಟ ಇಲ್ಲ.

ಉಚ್ಚೆ ಗೊತ್ತಾಗಲು ಡಯಾಪರ್ ಬಿಚ್ಚಿ, ಬಿಳಿ ಹತ್ತಿ ಬಟ್ಟೆ ಮಡಿಸಿ ಹಾಕಿ. ಇವತ್ತೊಂದು ದಿನ ಬಟ್ಟೆ ಒಗೆಯುವ ಕೆಲಸ ಜಾಸ್ತಿಯಾಗಲಿ. ಆರರಿಂದ ಎಂಟು ಗಂಟೆ ಉಚ್ಚೆ ಇಲ್ಲ ಎಂದರೆ ಆಸ್ಪತ್ರೆ. ಜ್ವರಕ್ಕೆ ಡಾಕ್ಟರು ಹೇಳಿದ ಪ್ಯಾರಾಸಿಟಮಾಲ್ ಸಾಕು. ನೀರು ಕಡಿಮೆಯಾದ ಮಗುವಿಗೆ ಐಬುಪ್ರೊಫೆನ್ ಕೊಟ್ಟರೆ ಕಿಡ್ನಿಗೆ ಪೆಟ್ಟು.

ಮಾತ್ರೆಡಬ್ಬಿ

ನಾನು ಫಾರ್ಮಸಿಸ್ಟ್. ಪ್ಯಾಕೆಟ್ ಬಗ್ಗೆ ಎರಡು ಮಾತು ಸೇರಿಸುತ್ತೇನೆ.

ಪ್ಯಾಕೆಟ್‌ಗಳ ಅಳತೆ ಒಂದೇ ಇರುವುದಿಲ್ಲ. ಲೀಟರಿಗೆ ಬೆರೆಸುವ ದೊಡ್ಡದರಲ್ಲಿ 20.5 ಗ್ರಾಂ ಪುಡಿ ಇರುತ್ತದೆ, 200 ಎಂಎಲ್‌ಗೆ ಬೆರೆಸುವ ಚಿಕ್ಕದರಲ್ಲಿ ಅದರ ಐದನೇ ಒಂದು ಭಾಗ. ದೊಡ್ಡ ಪ್ಯಾಕೆಟ್ಟನ್ನು ಒಂದು ಲೋಟಕ್ಕೆ ಸುರಿಯುವವರು ಎಷ್ಟೋ ಜನ. ಮಗುವಿಗೆ ಐದು ಪಟ್ಟು ಉಪ್ಪು! ವಾಂತಿ ಆಗುತ್ತದೆ, ಬಾಯಾರಿಕೆ ಇನ್ನೂ ಏರುತ್ತದೆ, ರಕ್ತದಲ್ಲಿ ಸೋಡಿಯಂ ಅಪಾಯದ ಮಟ್ಟಕ್ಕೆ ಹೋಗುತ್ತದೆ. ಅರ್ಧ ಪ್ಯಾಕೆಟ್ ಅರ್ಧ ಲೀಟರಿಗೆ ಎಂದು ಅಂದಾಜಿನಲ್ಲಿ ಹಂಚುವುದೂ ಬೇಡ. ಪುಡಿಯಲ್ಲಿ ಉಪ್ಪು ಒಂದು ಕಡೆ, ಗ್ಲೂಕೋಸ್ ಒಂದು ಕಡೆ ಕೂತಿರಬಹುದು. ಪೂರ್ತಿ ಪ್ಯಾಕೆಟ್, ಅದರ ಮೇಲೆ ಬರೆದಷ್ಟೇ ನೀರು. ಕುದಿಸಿ ಪೂರ್ತಿ ಆರಿಸಿದ ನೀರು. ಬೆರೆಸಿದ ಮೇಲೆ ಮತ್ತೆ ಕುದಿಸಬೇಡಿ, ಸಕ್ಕರೆಯನ್ನೂ ಸೇರಿಸಬೇಡಿ. 24 ಗಂಟೆ ಕಳೆದರೆ ಚೆಲ್ಲಿ.

ಹೆಸರು ಓಆರ್‌ಎಸ್ ಥರ ಕೇಳಿಸುವ ಸಿಹಿ ಪಾನೀಯಗಳೂ ಇರುತ್ತವೆ. ಹೆಸರು ಬಿಡಿ, ಹಿಂದೆ ಬರೆದ ಸಣ್ಣ ಅಕ್ಷರ ನೋಡಿ. ರಾತ್ರಿಪಾಳಿ ಅಕ್ಕ ಹೇಳಿದ ಆ 75, 75 ಅಲ್ಲಿರಬೇಕು. ಹಳೇ ಸೂತ್ರದಲ್ಲಿ ಸೋಡಿಯಂ 90 ಇತ್ತು. ಹೊಸದರಲ್ಲಿ ಒಟ್ಟು ಸಾಂದ್ರತೆ 311ರಿಂದ 245ಕ್ಕೆ ಇಳಿಸಿದ್ದಾರೆ. ಅದರಿಂದ ವಾಂತಿಯೂ ಕಡಿಮೆ, ಡ್ರಿಪ್ ಹಾಕಬೇಕಾದ ಮಕ್ಕಳೂ ಕಡಿಮೆ.

ಪ್ಯಾಕೆಟ್ ಸಿಗದೇ ಹೋದರೆ ಮಾತ್ರ ಮನೆಯ ದ್ರಾವಣ. ಒಂದು ಲೀಟರ್ ನೀರಿಗೆ ಸಮತಟ್ಟಾಗಿ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಉಪ್ಪಿನಲ್ಲಿ ಕೈ ತಪ್ಪಬಾರದು. ಕಣ್ಣೀರಿಗಿಂತ ಉಪ್ಪಾದರೆ ಚೆಲ್ಲಿ ಬೇರೆ ಮಾಡಿ. ಇದರಲ್ಲಿ ಪೊಟ್ಯಾಸಿಯಂ ಇರುವುದಿಲ್ಲ, ಹಾಗಾಗಿ ಪ್ಯಾಕೆಟ್ ಸಿಗುವವರೆಗೆ ಅಷ್ಟೇ.

ಪುಟ್ಟಿಯಮ್ಮ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಪ್ಯಾಕೆಟ್ ನೋಡಿದೆ, ನಾನು ಬೆರೆಸಿದ ಅಳತೆ ಸರಿಯಾಗಿಯೇ ಇದೆ. ಚಿವುಟಿ ನೋಡಿದೆ, ಚರ್ಮ ಕೂಡಲೇ ಸಮವಾಯಿತು. ಕಣ್ಣೂ ಮಾಮೂಲಿನಂತೆಯೇ ಇದೆ. ಆದರೂ ಡಾಕ್ಟರಿಗೆ ಫೋನ್ ಮಾಡಿದೆ. ಚಮಚದ ಲೆಕ್ಕ ಹೇಳಿದ್ದಕ್ಕೆ ಹಾಗೇ ಮಾಡಿ, ಸಂಜೆ ಮತ್ತೆ ಕರೆದುಕೊಂಡು ಬನ್ನಿ ಎಂದರು.

ಮನೆಯವರು ಫೋನಿನಲ್ಲಿ ಟೈಮರ್ ಇಟ್ಟುಕೊಂಡು ಚಮಚ ಹಿಡಿದು ಕೂತಿದ್ದಾರೆ. ಶುರುವಿನಲ್ಲಿ ಒಮ್ಮೆ ವಾಂತಿಯಾಯಿತು, ಆಮೇಲೆ ಇಲ್ಲ. ಬಟ್ಟೆ ಹಾಕಿದ್ದರಿಂದ ಉಚ್ಚೆ ಹೋದದ್ದು ಗೊತ್ತಾಯಿತು, ಬಣ್ಣ ಸ್ವಲ್ಪ ಗಾಢ ಇದೆ. ಭೇದಿ ಹಾಗೇ ಇದೆ. ಈಗ ಹೊಸ ಸಮಸ್ಯೆ. ಓಆರ್‌ಎಸ್ ಕಂಡರೆ ಮುಖ ತಿರುಗಿಸುತ್ತಾಳೆ, ಉಗಿಯುತ್ತಾಳೆ. ಆದರೆ ಎದೆಹಾಲು ಬೇಕು, ಆಟ ಬೇಕು. ಬಲವಂತ ಮಾಡಬೇಕಾ? ಮತ್ತೆ, ರಾತ್ರಿ ಮಲಗಿದರೆ ಎಬ್ಬಿಸಬೇಕಾ?

ಇಬ್ಬರ ಅಪ್ಪ

ಮಾತ್ರೆ ವಿಷಯ ಗೊತ್ತಿರಲಿಲ್ಲ, ಒಳ್ಳೇದಾಯ್ತು. ಆದರೆ ಜ್ಯೂಸ್ ಬಗ್ಗೆ ಒಂದು ಕೇಳಬೇಕು. ಸೇಬಿನ ರಸಕ್ಕೆ ಅರ್ಧ ನೀರು ಬೆರೆಸಿ ಕೊಟ್ಟರೆ ಓಆರ್‌ಎಸ್‌ಗಿಂತ ಚೆನ್ನಾಗಿ ಕೆಲಸ ಮಾಡಿತು ಎಂದು ಎಲ್ಲೋ ಓದಿದ್ದೆ. ಅದು ಸುಳ್ಳಾ?

ರಾತ್ರಿಪಾಳಿ

ಸುಳ್ಳಲ್ಲ. 2016ರಲ್ಲಿ ಬಂದ ಕೆನಡಾದ ಅಧ್ಯಯನ. ಆರು ತಿಂಗಳಿಂದ ಐದು ವರ್ಷದ ಮಕ್ಕಳು. ಅರ್ಧ ನೀರು ಬೆರೆಸಿದ ಸೇಬಿನ ರಸ, ಆಮೇಲೆ ಮಗು ಇಷ್ಟಪಟ್ಟ ಪಾನೀಯ ಕೊಟ್ಟವರಲ್ಲಿ ಡ್ರಿಪ್ ಬೇಕಾದವರು ಕಡಿಮೆ ಇದ್ದರು. ಆದರೆ ಅಲ್ಲಿದ್ದವು ನೀರಿನ ಕೊರತೆ ತೀರಾ ಕಡಿಮೆ ಇದ್ದ ಮಕ್ಕಳು. ಓಆರ್‌ಎಸ್ ರುಚಿಗೆ ಮುಖ ತಿರುಗಿಸುವುದೂ ಅಂಥ ಮಕ್ಕಳೇ. ಲೋಟ ಕಿತ್ತುಕೊಳ್ಳುವ ಹಂತದ ಮಗುವಿಗೆ ಈ ಪಾಠ ಹೊಂದುವುದಿಲ್ಲ. ನಿಮ್ಮ ದೊಡ್ಡವನು ಮೊದಲಿಂದಲೂ ಚೆನ್ನಾಗಿಯೇ ಇದ್ದಿರಬೇಕು, ಅದಕ್ಕೇ ಜ್ಯೂಸಿನಲ್ಲೂ ಕಳೆಯಿತು.

ಪುಟ್ಟಿಯಮ್ಮ, ನೀವು ಬರೆದದ್ದು ಓದಿ ಸಮಾಧಾನವಾಯಿತು. ಮೈಯಲ್ಲಿ ನೀರು ಕಡಿಮೆ ಇರುವ ಮಗು ಓಆರ್‌ಎಸ್‌ನ ಉಪ್ಪು ಗಮನಿಸುವುದೇ ಇಲ್ಲ. ಕೊರತೆ ತುಂಬಿದ ಮೇಲೆ ಉಗಿಯುತ್ತದೆ. ಆಟ ಬೇಕು, ಹಾಲು ಬೇಕು ಎನ್ನುವ ಮಗು ಉಗಿದರೆ ಚಿಂತೆ ಇಲ್ಲ. ಮಂಕಾಗಿ ಮಲಗಿ, ಏನು ಕೊಟ್ಟರೂ ಬೇಡ ಎನ್ನುವುದು ಬೇರೆ, ಅದು ಆಸ್ಪತ್ರೆಯ ವಿಷಯ.

ಬಲವಂತ ಬೇಡ. ಇನ್ನು ಮೇಲೆ ಹೋದದ್ದಕ್ಕೆ ತಕ್ಕಷ್ಟು ತುಂಬಿದರೆ ಸಾಕು. ಎರಡು ವರ್ಷದ ಒಳಗಿನವರಿಗೆ ಪ್ರತಿ ನೀರುಭೇದಿಯ ನಂತರ 50ರಿಂದ 100 ಎಂಎಲ್. ಅದನ್ನೂ ಚಮಚದಲ್ಲೇ, ನಡುನಡುವೆ ಎದೆಹಾಲು. ತಣ್ಣಗೆ ಮಾಡಿ ಕೊಟ್ಟರೆ ಕೆಲವು ಮಕ್ಕಳು ಒಪ್ಪುತ್ತವೆ. ಕಣ್ಣಿನ ರೆಪ್ಪೆ ಊದಿಕೊಂಡ ಹಾಗೆ ಕಂಡರೆ ಜಾಸ್ತಿಯಾಗಿದೆ ಎಂದು ಅರ್ಥ. ಓಆರ್‌ಎಸ್ ನಿಲ್ಲಿಸಿ ಎದೆಹಾಲು, ನೀರು ಕೊಡಿ, ಡಾಕ್ಟರಿಗೂ ತಿಳಿಸಿ.

ರಾತ್ರಿ ಚಮಚಕ್ಕಾಗಿ ಎಬ್ಬಿಸಬೇಕಾಗಿಲ್ಲ. ಆದರೆ ಮೊದಲ ರಾತ್ರಿ ಒಂದೆರಡು ಸಲ ಮುಟ್ಟಿ ನೋಡಿ. ಮುಟ್ಟಿದರೆ ಮಿಸುಕಬೇಕು, ಕೈಕಾಲು ತಣ್ಣಗಿರಬಾರದು. ಬಟ್ಟೆ ಬದಲಿಸುವಾಗ ಹೇಗೂ ಎಚ್ಚರವಾಗುತ್ತಾಳೆ, ಆಗ ಹಾಲು ಕೊಡಿ. ನಿದ್ದೆಗಣ್ಣಿನಲ್ಲಿರುವಾಗ ಸಿರಿಂಜ್ ಮಾತ್ರ ಬೇಡ, ಉಸಿರಿನ ಕಡೆ ಹೋಗಬಹುದು.

ಸಂಜೆ ಡಾಕ್ಟರ ಹತ್ತಿರ ಹೋದಾಗ ಬಟ್ಟೆ ಬಿಚ್ಚಿ ತೂಗಲು ಹೇಳಿ, ನಾಳೆ ಅದೇ ತಕ್ಕಡಿಯಲ್ಲಿ ಇನ್ನೊಮ್ಮೆ. ಒಂದೇ ದಿನದಲ್ಲಿ ಅರ್ಧ ಕಿಲೋ ಇಳಿದರೆ ಅದು ಹೆಚ್ಚುಕಡಿಮೆ ಅರ್ಧ ಲೀಟರ್ ನೀರು. ಕಣ್ಣು, ಚರ್ಮ, ನಾಲಗೆ ಎಲ್ಲಕ್ಕಿಂತ ನಾನು ನಂಬುವುದು ತಕ್ಕಡಿಯನ್ನು. ಜಿಂಕ್ ಮಾತ್ರ ಭೇದಿ ನಿಂತ ಕೂಡಲೇ ಬಿಡಬೇಡಿ. ನಿಮ್ಮ ಮಗಳ ವಯಸ್ಸಿಗೆ ದಿನಕ್ಕೆ 20 ಮಿಲಿಗ್ರಾಂ, 10ರಿಂದ 14 ದಿನ. ಡಾಕ್ಟರು ಬರೆದ ಚೀಟಿಯಲ್ಲಿ ಎಷ್ಟು ದಿನ ಎಂದಿದೆಯೋ ನೋಡಿಕೊಳ್ಳಿ.